ತೊಟ್ಟಿಲ ಬಳಿ ಬಂದು ನಿಂತವಳು

ಕಾಲದಲ್ಲಿ ಹಿಂದಕ್ಕೆ ಹೋಗುವ ಯಾವ ಕಾದಂಬರಿಯನ್ನಾದರೂ ತೆರೆದು ನೋಡಿ. ಹುಡುಗನೋ ಹುಡುಗಿಯೋ ಧೊಪ್ಪೆಂದು ಯಾವುದೋ ಶತಮಾನಕ್ಕೆ ಹೋಗಿ ಬೀಳುತ್ತಾರೆ. ಮೈಮೇಲಿನ ಮಣ್ಣು ಕೊಡವಿಕೊಂಡು ಏಳುತ್ತಾರೆ. ಎದುರಿಗೆ ಸಿಕ್ಕವರನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಇದು ಯಾವ ಇಸವಿ?’

ಉತ್ತರ ಯುರೋಪಿನ ಹಳೆಯ ಕಡಲಿಗರಾದ ವೈಕಿಂಗರ ನಡುವೆ ಹೋಗಿ ಬಿದ್ದವರಿಗೆ ಇದಕ್ಕೆ ಉತ್ತರ ಸಿಗುವುದು ಕಷ್ಟ. ಇಂಥ ದೊರೆ ಆಳುತ್ತಿದ್ದಾಗ, ಇಂಥವರು ಹಡಗೇರಿ ಹೋದ ಬೇಸಿಗೆಯಲ್ಲಿ ಎಂದು ಕಾಲವನ್ನು ನೆನೆಯುತ್ತಿದ್ದ ಜನ ಅವರು. ಅವರ ಸಾಹಸದ ಕಥೆಗಳು ಹಾಳೆಗೆ ಇಳಿದದ್ದೇ ಇನ್ನೂರು ಮುನ್ನೂರು ವರ್ಷ ಕಳೆದ ಮೇಲೆ. ಆದರೆ ಉತ್ತರ ಇತ್ತು! ಕೆನಡಾದ ಒಂದು ಕಡಲತೀರದ ಜೌಗಿನೊಳಗೆ, ಕಡಿದು ಎಸೆದ ಮರದ ಚೂರುಗಳ ಹೊಟ್ಟೆಯಲ್ಲಿ ಸಾವಿರ ವರ್ಷ ಅಡಗಿ ಕೂತಿತ್ತು. 2021ರ ಅಕ್ಟೋಬರಿನಲ್ಲಿ ಅದು ಬಾಯಿ ಬಿಟ್ಟಿತು. ಸುಮಾರು, ಆಸುಪಾಸು, ಹೆಚ್ಚುಕಮ್ಮಿ ಎಂಬ ಮಾತೇ ಇಲ್ಲದೆ ಒಂದೇ ಒಂದು ಅಂಕಿ ಹೇಳಿತು: 1021.

ಇದನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಎದ್ದು ಓಡಾಡಿದೆ. ಕೂತಲ್ಲಿ ಕೂರಲಾಗಲಿಲ್ಲ.

ನಾನು ಈ ದಾರಿಗೆ ಬಿದ್ದದ್ದು ಕಥೆಗಳ ಬೆನ್ನು ಹತ್ತಿ. ಹದಿಹರೆಯದವರಿಗೆ ವೈಕಿಂಗ್ ಕಾಲಕ್ಕೆ ಕರೆದೊಯ್ಯುವ ಒಂದು ಕಾದಂಬರಿ ಬರೆದರೆ ಹೇಗಿರಬೇಕು ಎಂಬ ಪ್ರಶ್ನೆ ತಲೆ ಹೊಕ್ಕಿತ್ತು. ಮೇರಿ ಪೋಪ್ ಆಸ್ಬರ್ನ್ 1998ರಲ್ಲಿ ಚಿಕ್ಕ ಮಕ್ಕಳಿಗಾಗಿ ಬರೆದ ಪುಸ್ತಕದಲ್ಲಿ ಜ್ಯಾಕ್ ಮತ್ತು ಆನಿ ಎಂಬ ಅಣ್ಣತಂಗಿ, ಮರದ ಮೇಲಿನ ತಮ್ಮ ಪುಟ್ಟ ಮನೆಯಿಂದ ಐರ್ಲೆಂಡಿನ ಹಳೆಯ ಮಠವೊಂದಕ್ಕೆ ಹೋಗಿ ಇಳಿಯುತ್ತಾರೆ. ಕಡಲ ಮೇಲೆ ವೈಕಿಂಗ್ ಹಡಗುಗಳು ಬರುತ್ತವೆ. ಹ್ಯಾರಿ ಹ್ಯಾರಿಸನ್ 1967ರಲ್ಲಿ ಬರೆದ ಕಾದಂಬರಿಯಲ್ಲಿ ಒಂದು ಸಿನಿಮಾ ತಂಡ ವೈಕಿಂಗರ ಚಿತ್ರ ತೆಗೆಯಲು ನೇರವಾಗಿ ಆ ಕಾಲಕ್ಕೇ ಹೋಗುತ್ತದೆ. ಕೊನೆಗೆ ನೋಡಿದರೆ, ವೈಕಿಂಗರು ಅಮೆರಿಕದ ನೆಲದಲ್ಲಿ ಬೀಡು ಬಿಡಲು ಆ ತಂಡವೇ ಕಾರಣವಾಗಿರುತ್ತದೆ! ನನ್ನನ್ನು ಹೆಚ್ಚು ಕಾಡಿದ್ದು ಪೋಲ್ ಆಂಡರ್ಸನ್ 1956ರಲ್ಲಿ ಬರೆದ ಸಣ್ಣಕಥೆ. ಐಸ್‌ಲ್ಯಾಂಡಿನಲ್ಲಿದ್ದ ಒಬ್ಬ ಅಮೆರಿಕನ್ ಸೈನಿಕ ಸಿಡಿಲಿನ ಹೊಡೆತಕ್ಕೆ ಸಾವಿರ ವರ್ಷ ಹಿಂದಕ್ಕೆ ಎಸೆಯಲ್ಪಡುತ್ತಾನೆ. ತಲೆ ತುಂಬ ಇಪ್ಪತ್ತನೆಯ ಶತಮಾನದ ವಿದ್ಯೆ. ಅದರಲ್ಲಿ ಒಂದೂ ಅಲ್ಲಿ ಕೈಗೆ ಹತ್ತುವುದಿಲ್ಲ. ಆ ಕಥೆಯನ್ನು ಹೇಳುವವನು ಆ ಕಾಲದ ಐಸ್‌ಲ್ಯಾಂಡಿನ ರೈತ. ನಾವು ಅವರನ್ನು ನೋಡುವ ಬದಲು ಅವರು ನಮ್ಮನ್ನು ನೋಡುತ್ತಾರೆ. ಎಂಥ ತಿರುವು!

ಈ ಕಥೆಗಳನ್ನು ಬದಿಗಿಟ್ಟು ನಿಜವಾಗಿ ನಡೆದದ್ದೇನು ಎಂದು ಹುಡುಕಲು ಹೊರಟ ಮೇಲೆ, ಕಾದಂಬರಿಕಾರರ ಯಂತ್ರಗಳೆಲ್ಲ ನನಗೆ ಸಪ್ಪೆಯಾಗಿ ಕಂಡವು.

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಉತ್ತರದ ತುದಿಯಲ್ಲಿ ಲಾನ್ಸ್ ಓ ಮೆಡೋಸ್ ಎಂಬ ಮೀನುಗಾರರ ಹಳ್ಳಿ. 1960ರಲ್ಲಿ ಹೆಲ್ಗೆ ಇಂಗ್‌ಸ್ಟಾಡ್ ಎಂಬ ನಾರ್ವೆಯ ಅಲೆಮಾರಿ ಅನ್ವೇಷಕ ಅಲ್ಲಿಗೆ ಬಂದ. ಹಳೆಯ ಮನೆಗಳ ಗುರುತೇನಾದರೂ ಇದೆಯೇ ಎಂದು ತೀರದುದ್ದಕ್ಕೂ ಕೇಳುತ್ತ ಬಂದವನು. ಜಾರ್ಜ್ ಡೆಕರ್ ಎಂಬ ಸ್ಥಳೀಯ ಅವನನ್ನು ಹುಲ್ಲು ಮುಚ್ಚಿದ ದಿಬ್ಬಗಳ ಹತ್ತಿರ ಕರೆದುಕೊಂಡು ಹೋದ. ಊರವರಿಗೆ ಗೊತ್ತಿದ್ದ ಜಾಗವೇ. ಅಲ್ಲಿನ ಮೂಲನಿವಾಸಿಗಳ ಹಳೆಯ ಬೀಡು ಎಂದುಕೊಂಡಿದ್ದರು. ಹೆಲ್ಗೆಯ ಹೆಂಡತಿ ಆನೆ ಸ್ಟೀನೆ ಪುರಾತತ್ವಜ್ಞೆ. 1961ರಿಂದ 1968ರವರೆಗೆ ಆಕೆಯ ನೇತೃತ್ವದಲ್ಲಿ ಉತ್ಖನನ ನಡೆಯಿತು. ಹುಲ್ಲು ಸಮೇತ ಕೊರೆದ ಮಣ್ಣಿನ ಹೆಂಟೆಗಳಿಂದ ಕಟ್ಟಿದ ಎಂಟು ಕಟ್ಟಡಗಳು, ಕಬ್ಬಿಣ ಕರಗಿಸಿದ ಕುಲುಮೆ, ಮೇಲುಹೊದಿಕೆಗೆ ಚುಚ್ಚುವ ಕಂಚಿನ ಪಿನ್ನು. ಜೊತೆಗೆ ನೂಲುವ ಕದಿರಿಗೆ ಸಿಕ್ಕಿಸುವ ಒಂದು ಪುಟ್ಟ ಬಿಲ್ಲೆ, ಬಳಪದ ಕಲ್ಲಿನದು.

ಆ ಬಿಲ್ಲೆಯ ಮುಂದೆ ಸ್ವಲ್ಪ ನಿಲ್ಲಬೇಕು. ಕತ್ತಿ ಕೊಡಲಿ ಸಿಕ್ಕಿದ್ದರೆ ಯೋಧರು ಬಂದಿದ್ದರು ಎನ್ನಬಹುದಿತ್ತು. ಕದಿರಿನ ಬಿಲ್ಲೆ ಸಿಕ್ಕಿತು. ನೂಲುವುದು ಆ ಸಮಾಜದಲ್ಲಿ ಹೆಣ್ಣುಮಕ್ಕಳ ಕೆಲಸ. ಅಂದರೆ ಗ್ರೀನ್‌ಲ್ಯಾಂಡಿನ ಹಿಮಗಡಲನ್ನು ದಾಟಿ ಯಾರೋ ಹೆಣ್ಣುಮಗಳು ಇಲ್ಲಿಗೆ ಬಂದಿದ್ದಳು. ಸಂಜೆ ಬೆಂಕಿಯ ಪಕ್ಕ ಕೂತು ಉಣ್ಣೆಯ ಎಳೆ ತೆಗೆದಿದ್ದಳು. ಆಕೆಯ ಬೆರಳು ತಾಗಿದ ಕಲ್ಲು ಅದು!

ಇನ್ನೊಂದು ಸಣ್ಣ ವಸ್ತು: ಬಟರ್‌ನಟ್ ಎಂಬ ಕಾಯಿ. ನಮ್ಮ ಅಕ್ರೋಟಿನ ಜಾತಿಯದು. ಆ ಮರ ನ್ಯೂಫೌಂಡ್‌ಲ್ಯಾಂಡಿನಲ್ಲಿ ಬೆಳೆಯುವುದೇ ಇಲ್ಲ. ಬೆಳೆಯುವುದು ಕೊಲ್ಲಿಯಾಚೆ, ದಕ್ಷಿಣದ ನ್ಯೂ ಬ್ರನ್ಸ್‌ವಿಕ್ ಕಡೆಗೆ. ಅಲ್ಲಿ ಕಾಡುದ್ರಾಕ್ಷಿಯೂ ಬೆಳೆಯುತ್ತದೆ. ಸಾಗಾ ಎಂದು ಕರೆಯುವ ಅವರ ಹಳೆಯ ಕಥನಗಳಲ್ಲಿ ಈ ಸೀಮೆಗೆ ವಿನ್‌ಲ್ಯಾಂಡ್, ದ್ರಾಕ್ಷಾರಸದ ನಾಡು, ಎಂಬ ಹೆಸರಿದೆ. ಕಟ್ಟುಕಥೆ ಎಂದು ಎಷ್ಟೋ ಜನ ತಳ್ಳಿಹಾಕಿದ್ದ ಹೆಸರಿಗೆ ಮುಷ್ಟಿಯಷ್ಟೂ ಇಲ್ಲದ ಕಾಯಿಗಳು ಸಾಕ್ಷಿಯಾದವು.

ಜಾಗ ಸಿಕ್ಕಿತು. ಜನ ಸಿಕ್ಕರು. ಇಸವಿ? ಅದು ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಹಳೆಯ ವಸ್ತುಗಳಲ್ಲಿನ ಕಾರ್ಬನ್-14 ಅಳೆದು ಕಾಲ ಹೇಳುವ ರೇಡಿಯೊಕಾರ್ಬನ್ ಲೆಕ್ಕ ಸಾಮಾನ್ಯವಾಗಿ ಕೊಡುವುದು ಹಲವು ದಶಕಗಳ ಹರವನ್ನು. ಆ ಹರವಿನೊಳಗೆ ಒಂದು ತಲೆಮಾರೇ ಹುಟ್ಟಿ ಮುದಿಯಾಗಬಹುದು.

ಆಗ ನೆರವಿಗೆ ಬಂದವನು ಸೂರ್ಯ.

ಜಪಾನಿನ ವಿಜ್ಞಾನಿ ಫೂಸಾ ಮಿಯಾಕೆ ಮತ್ತು ಅವರ ಸಂಗಡಿಗರು ಹಳೆಯ ಮರಗಳ ವಾರ್ಷಿಕ ಬಳೆಗಳನ್ನು ಒಂದೊಂದಾಗಿ ಬಿಡಿಸಿ ಅಳೆಯುತ್ತಿದ್ದರು. 2012ರಲ್ಲಿ ಅವರು ಹೇಳಿದರು: ಎಂಟನೆಯ ಶತಮಾನದ ಒಂದೇ ಒಂದು ವರ್ಷದ ಬಳೆಯಲ್ಲಿ ಕಾರ್ಬನ್-14 ದಿಢೀರನೆ ಏರಿದೆ. ಮರುವರ್ಷ ಇನ್ನೊಂದು ಏರಿಕೆಯನ್ನು ತೋರಿಸಿದರು. ಅದು 993ರ ಸುಮಾರಿನದು. ಆಕಾಶದಲ್ಲಿ ಏನೋ ಸ್ಫೋಟಿಸಿತ್ತು. ಬಹುಪಾಲು ವಿಜ್ಞಾನಿಗಳು ಬೊಟ್ಟು ಮಾಡುವುದು ಸೂರ್ಯನ ಮಹಾಬಿರುಗಾಳಿಯ ಕಡೆಗೆ. ಅಲ್ಲಿಂದ ಹೊರಟ ಕಣಗಳ ಮಳೆ ಭೂಮಿಯ ವಾತಾವರಣಕ್ಕೆ ಬಡಿಯಿತು. ಅಲ್ಲಿನ ನೈಟ್ರೋಜನ್ ಕಾರ್ಬನ್-14 ಆಯಿತು, ಗಾಳಿಯಲ್ಲಿ ಬೆರೆಯಿತು. ಎಲೆಗಳು ಅದನ್ನು ಉಸಿರಾಡಿದವು. ಆ ವರ್ಷ ಬೆಳೆದ ಬಳೆಯಲ್ಲಿ ಅದು ಹೋಗಿ ಕೂತಿತು. ಭೂಮಿಯ ಮೇಲೆ ಆ ವರ್ಷ ಜೀವದಿಂದಿದ್ದ ಪ್ರತಿ ಮರಕ್ಕೂ ಒಂದೇ ಮುದ್ರೆ!

ನೆದರ್‌ಲ್ಯಾಂಡ್ಸಿನ ಗ್ರೋನಿಂಗೆನ್ ವಿಶ್ವವಿದ್ಯಾಲಯದ ಮಾರ್ಗೊ ಕೈಟೆಮ್ಸ್, ಮೈಕೆಲ್ ಡೀ ಮತ್ತು ಅವರ ಸಂಗಡಿಗರಿಗೆ ಹೊಳೆದದ್ದು ಇಷ್ಟು. ಲಾನ್ಸ್ ಓ ಮೆಡೋಸಿನ ಜೌಗಿನಲ್ಲಿ ಸಿಕ್ಕಿದ ಮರದ ತುಂಡುಗಳಿವೆ. ಕೆಲವಕ್ಕೆ ಲೋಹದ ಅಲಗಿನ ಏಟು ಬಿದ್ದ ಗುರುತಿದೆ. ಆ ಕಾಲದಲ್ಲಿ ಅಲ್ಲಿನ ಮೂಲನಿವಾಸಿಗಳ ಬಳಿ ಅಂಥ ಅಲಗು ಇರಲಿಲ್ಲ, ಆದ್ದರಿಂದ ಕಡಿದವರು ವೈಕಿಂಗರೇ. ಕೆಲವಕ್ಕೆ ತೊಗಟೆಯ ಅಂಚು ಹಾಗೇ ಉಳಿದಿದೆ. ಅಂದರೆ ಮರ ಬೆಳೆದ ಕೊನೆಯ ಬಳೆ ಅಲ್ಲಿದೆ. ಇನ್ನೇನು ಬೇಕು? ಒಳಗೆ ಎಲ್ಲಿ 993ರ ಮುದ್ರೆ ಇದೆಯೋ ಹುಡುಕು. ಅಲ್ಲಿಂದ ತೊಗಟೆಯವರೆಗೆ ಬಳೆ ಎಣಿಸು.

ಮೂರು ಬೇರೆ ಬೇರೆ ಮರಗಳ ಮೂರು ತುಂಡುಗಳನ್ನು ಎಣಿಸಿದರು. ಮೊದಲನೆಯದರಲ್ಲಿ 28. ಎರಡನೆಯದರಲ್ಲಿ 28. ಮೂರನೆಯದರಲ್ಲೂ 28.

993ಕ್ಕೆ 28 ಕೂಡಿದರೆ 1021. ಕೊಲಂಬಸ್ ಹಡಗೇರುವುದಕ್ಕೆ 471 ವರ್ಷ ಮುಂಚೆ ಯಾರೋ ಒಬ್ಬ ಆಳು ಅಟ್ಲಾಂಟಿಕ್‌ನ ಪಶ್ಚಿಮ ದಡದಲ್ಲಿ ಕೊಡಲಿ ಎತ್ತಿ ಮರಕ್ಕೆ ಹೊಡೆದ. ಉಳಿದ ಚೂರನ್ನು ಎಸೆದ. ಆ ಏಟಿನ ಇಸವಿ ನಮಗೆ ಗೊತ್ತು. ಅವನಿಗೇ ಗೊತ್ತಿರಲಿಲ್ಲ!

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 993 ಎಂದೊಡನೆ ಕನ್ನಡ ಓದಿದವರ ಕಿವಿ ನಿಮಿರುತ್ತದೆ. ರನ್ನ ಅಜಿತಪುರಾಣವನ್ನು ಮುಗಿಸಿದ್ದು 993ರಲ್ಲಿ, ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ. ಆ ಕಣಗಳ ಮಳೆ ಸುರಿದದ್ದು ಎಲ್ಲರ ಮೇಲಿನ ಒಂದೇ ಆಕಾಶಕ್ಕೆ. ರನ್ನ ಓಲೆ ಕಂಟ ಹಿಡಿದು ಕೂತಿದ್ದ ಕಾಲದಲ್ಲೇ ಅವನ ಅಂಗಳದ ಮರವೂ ನ್ಯೂಫೌಂಡ್‌ಲ್ಯಾಂಡಿನ ಮರವೂ ಅದೇ ಮುದ್ರೆಯನ್ನು ಒಳಗೆ ಒತ್ತಿಸಿಕೊಳ್ಳುತ್ತಿದ್ದವು. ಯಾರಿಗೂ ಸುಳಿವಿಲ್ಲ. ಈ ಇಸವಿಯನ್ನು ನಾನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅದು ಹೀಗೆ ಜೌಗಿನ ಮರದೊಳಗಿಂದ ಎದ್ದು ಬಂದು ಮಾತಾಡಿಸುತ್ತದೆ ಎಂದು ಯಾರು ಎಣಿಸಿದ್ದರು?

ಇಸವಿ ಸಿಕ್ಕಿತು. ಈಗ ಕಾದಂಬರಿಗೆ ಪಾತ್ರ ಬೇಕು. ಅದನ್ನೂ ಹುಟ್ಟಿಸಬೇಕಾಗಿಲ್ಲ, ಗುಡ್ರಿಡ್ ಇದ್ದಾಳೆ.

ಸಾಗಾಗಳು ಹೇಳುವ ಪ್ರಕಾರ ಆಕೆ ಐಸ್‌ಲ್ಯಾಂಡಿನವಳು. ಗ್ರೀನ್‌ಲ್ಯಾಂಡಿಗೆ ಹೋದಳು, ಗಂಡ ಥಾರ್ಫಿನ್ ಕಾರ್ಲ್‌ಸೆಫ್ನಿಯ ಜೊತೆ ವಿನ್‌ಲ್ಯಾಂಡಿಗೆ ಬಂದಳು. ಅಲ್ಲಿ ಮಗನನ್ನು ಹೆತ್ತಳು. ಅವನ ಹೆಸರು ಸ್ನೋರಿ. ಅಮೆರಿಕದ ನೆಲದಲ್ಲಿ ಹುಟ್ಟಿದ ಮೊದಲ ಯುರೋಪಿನ ಮಗು ಎಂದು ದಾಖಲಾಗಿರುವವನು ಅವನೇ. ಮುಂದೆ ವಯಸ್ಸಾದ ಮೇಲೆ ಗುಡ್ರಿಡ್ ರೋಮಿಗೆ ಯಾತ್ರೆ ಹೋದಳಂತೆ, ಹಿಂದಿರುಗಿ ಸನ್ಯಾಸಿನಿಯಾದಳಂತೆ. ಒಂದೇ ಬಾಳಿನಲ್ಲಿ ವಿನ್‌ಲ್ಯಾಂಡಿನ ಕಾಡನ್ನೂ ರೋಮಿನ ಇಗರ್ಜಿಗಳನ್ನೂ ಕಂಡ ಹೆಂಗಸು!

ನಾನು ಹೇಳಹೊರಟದ್ದು ಇದಕ್ಕಿಂತ ವಿಚಿತ್ರವಾದ ಒಂದು ಪ್ರಸಂಗ. ಗ್ರೀನ್‌ಲ್ಯಾಂಡಿಗರ ಸಾಗಾದಲ್ಲಿ ಬರುತ್ತದೆ, ನಾಲ್ಕಾರು ಸಾಲಿನಲ್ಲಿ ಮುಗಿದುಹೋಗುತ್ತದೆ. ಮೂಲನಿವಾಸಿಗಳು ವ್ಯಾಪಾರಕ್ಕೆಂದು ಬೀಡಿಗೆ ಬಂದಿದ್ದಾರೆ. ಗುಡ್ರಿಡ್ ಮನೆಯೊಳಗೆ ಮಗು ಸ್ನೋರಿಯ ತೊಟ್ಟಿಲ ಪಕ್ಕ ಕೂತಿದ್ದಾಳೆ. ಬಾಗಿಲಿಗೆ ಒಂದು ನೆರಳು ಬೀಳುತ್ತದೆ. ಒಬ್ಬ ಹೆಂಗಸು ಒಳಗೆ ಬರುತ್ತಾಳೆ. ಗಿಡ್ಡ ಆಳು, ಕಪ್ಪು ಬಿಗಿಯುಡುಪು, ತಲೆಗೆ ಪಟ್ಟಿ, ಬಿಳಿಚಿದ ಮುಖ. ಕಣ್ಣುಗಳೋ, ಮನುಷ್ಯರ ಮುಖದಲ್ಲಿ ಯಾರೂ ನೋಡಿರದಷ್ಟು ದೊಡ್ಡವು. ನಿನ್ನ ಹೆಸರೇನು ಎಂದು ಕೇಳುತ್ತಾಳೆ. ಗುಡ್ರಿಡ್ ತನ್ನ ಹೆಸರು ಹೇಳಿ ಅದನ್ನೇ ತಿರುಗಿ ಕೇಳುತ್ತಾಳೆ. ಬಂದವಳು ಹೇಳುತ್ತಾಳೆ, ತನ್ನ ಹೆಸರೂ ಗುಡ್ರಿಡ್ ಎಂದು.

ಬಾ ಕೂತುಕೋ ಎಂದು ಮನೆಯೊಡತಿ ಕೈ ಚಾಚುತ್ತಾಳೆ. ಅಷ್ಟರಲ್ಲಿ ಹೊರಗೆ ಭಾರಿ ಸದ್ದು. ಆಯುಧಕ್ಕೆ ಕೈ ಹಾಕಿದನೆಂದು ಮೂಲನಿವಾಸಿಗಳಲ್ಲಿ ಒಬ್ಬನನ್ನು ಕಾರ್ಲ್‌ಸೆಫ್ನಿಯ ಕಡೆಯವನು ಕೊಂದಿದ್ದಾನೆ. ತಿರುಗಿ ನೋಡಿದರೆ ಹೆಂಗಸು ಇಲ್ಲ. ಗುಡ್ರಿಡ್‌ಳ ಹೊರತು ಆಕೆಯನ್ನು ಕಂಡವರು ಒಬ್ಬರೂ ಇಲ್ಲ.

ಯಾರವಳು?

ವಿದ್ವಾಂಸರು ನಾನಾ ಬಗೆಯಾಗಿ ಅರ್ಥ ಹೇಳಿದ್ದಾರೆ. ಅಲ್ಲಿನ ಮೂಲನಿವಾಸಿ ಹೆಂಗಸೊಬ್ಬಳು ತಾನು ಕೇಳಿಸಿಕೊಂಡ ಅಪರಿಚಿತ ಸದ್ದನ್ನೇ ಮರಳಿ ಉಚ್ಚರಿಸಿರಬಹುದು ಎನ್ನುವವರಿದ್ದಾರೆ, ಪ್ರೇತಛಾಯೆ ಎನ್ನುವವರಿದ್ದಾರೆ. ಮೊದಲ ವಿವರಣೆ ನನ್ನ ಮನಸ್ಸಿಗೆ ಹತ್ತಿರ. ವಿನ್‌ಲ್ಯಾಂಡ್ ಖಾಲಿ ನೆಲವಾಗಿರಲಿಲ್ಲ, ಅಲ್ಲಿ ಸಾವಿರಾರು ವರ್ಷಗಳಿಂದ ಜನ ಬಾಳಿದ್ದರು. ಇಬ್ಬರು ಹೆಂಗಸರು ಒಂದು ಹೆಸರಿನ ಸೇತುವೆ ಹಾಕಿಕೊಳ್ಳುವಷ್ಟರಲ್ಲಿ ಗಂಡಸರು ಹೊರಗೆ ರಕ್ತ ಹರಿಸಿದರು ಎಂದು ಓದಿದರೆ ಎದೆ ಭಾರವಾಗುತ್ತದೆ. ಆದರೆ ಕಾದಂಬರಿಯ ಹುಚ್ಚು ಹತ್ತಿದವರ ಕಣ್ಣಿಗೆ ಇಲ್ಲಿ ಬೇರೆ ಬಾಗಿಲೇ ತೆರೆದು ಕಾಣುತ್ತದೆ. ವಿಚಿತ್ರ ಉಡುಪು. ಎಲ್ಲಿಂದ ಬಂದಳೋ ತಿಳಿಯದು. ಹೆಸರು ಅದೇ. ಸದ್ದಾದೊಡನೆ ಮಾಯ. ಇಂದಿಗೂ ಐಸ್‌ಲ್ಯಾಂಡಿನಲ್ಲಿ ಹೆಣ್ಣುಮಕ್ಕಳಿಗೆ ಗುಡ್ರಿಡ್ ಎಂದು ಹೆಸರಿಡುತ್ತಾರೆ. ಹದಿನಾರರ ಹುಡುಗಿಯೊಬ್ಬಳು ತನ್ನ ಮೂವತ್ತು ನಲವತ್ತು ತಲೆಮಾರಿನ ಹಿಂದಿನ ಅಜ್ಜಿಯ ತೊಟ್ಟಿಲ ಮುಂದೆ ಹೋಗಿ ನಿಂತಿದ್ದರೆ? ಸಾಗಾ ಆ ಜಾಗವನ್ನು ಖಾಲಿ ಬಿಟ್ಟಿದೆ, ಬರೆಯುವವರಿಗಾಗಿಯೇ ಬಿಟ್ಟ ಹಾಗೆ!

ಭಾಷೆಯ ತೊಡಕೂ ಅಷ್ಟಿಲ್ಲ. ಐಸ್‌ಲ್ಯಾಂಡಿನ ಶಾಲೆಯ ಮಕ್ಕಳು ಕಾಗುಣಿತವನ್ನು ಈಗಿನ ರೀತಿಗೆ ತಿದ್ದಿದ ಸಾಗಾಗಳನ್ನು ಮೂಲ ನುಡಿಯಲ್ಲೇ ಓದುತ್ತಾರೆ. ಉಚ್ಚಾರ ಬದಲಾಗಿದೆ, ಆದರೂ ಅಲ್ಲಿನ ಹುಡುಗಿ ಆ ಕಾಲಕ್ಕೆ ಹೋದರೆ ಕೆಲವು ದಿನಗಳಲ್ಲಿ ಕಿವಿ ಹೊಂದಿಕೊಂಡೀತು. ಈ ಪ್ರಸಂಗವಿರುವ ಹಸ್ತಪ್ರತಿ, ಫ್ಲಾಟೆಯಾರ್‌ಬೋಕ್, ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಕರುವಿನ ಚರ್ಮದ ಮೇಲೆ ಬರೆದದ್ದು. ಡೆನ್ಮಾರ್ಕಿನ ವಶದಲ್ಲಿದ್ದ ಅದು 1971ರಲ್ಲಿ ಹಡಗೇರಿ ಐಸ್‌ಲ್ಯಾಂಡಿಗೆ ಮರಳಿದಾಗ ರೇಕ್ಯಾವಿಕ್ ಬಂದರಿನಲ್ಲಿ ಜನಜಾತ್ರೆ ನೆರೆದಿತ್ತು. ಒಂದು ಪುಸ್ತಕವನ್ನು ಎದುರುಗೊಳ್ಳಲು!

ಇಂಥ ಕಾದಂಬರಿಗೆ, ವೈಕಿಂಗರೆಂದರೆ ಕೊಂಬಿನ ಶಿರಸ್ತ್ರಾಣ ಎಂದು ಯಾರಾದರೂ ಚಿತ್ರ ಬರೆಯಲು ಹೊರಟರೆ ತಡೆಯಿರಿ. ಆ ಕೊಂಬು 1876ರಲ್ಲಿ ವಾಗ್ನರ್‌ನ ಸಂಗೀತ ನಾಟಕಕ್ಕೆ ಕಾರ್ಲ್ ಎಮಿಲ್ ಡೋಪ್ಲರ್ ಮಾಡಿದ ವೇಷಭೂಷಣದಿಂದ ಜನರ ತಲೆಗೇರಿದ್ದು.

ಅವರ ನಿಜವಾದ ಬದುಕು ನೋಡಬೇಕಾದರೆ ಇಂಗ್ಲೆಂಡಿನ ಯಾರ್ಕ್ ನಗರಕ್ಕೆ ಹೋಗಬೇಕು. ಅಲ್ಲಿನ ಕಾಪರ್‌ಗೇಟ್ ಬೀದಿಯಲ್ಲಿ 1976ರಿಂದ 1981ರವರೆಗೆ ಅಗೆದಾಗ ಒದ್ದೆ ಮಣ್ಣಿನೊಳಗೆ ವೈಕಿಂಗರ ಪೇಟೆಯೇ ಕೆಡದೆ ಉಳಿದಿತ್ತು. ಸುಮಾರು 40,000 ವಸ್ತುಗಳು. ಒಂಟಿ ಸೂಜಿಯಲ್ಲಿ ಹೆಣೆದ ಒಂದು ಉಣ್ಣೆಯ ಕಾಲುಚೀಲ. ಬಾಚಣಿಗೆಗಳು. 1984ರಲ್ಲಿ ಅಗೆದ ಜಾಗದಲ್ಲೇ ಯಾರ್ವಿಕ್ ವಸ್ತುಸಂಗ್ರಹಾಲಯ ತೆರೆದರು. ಕಾಲದ ಬಂಡಿಯಲ್ಲಿ ಕೂರಿಸಿ ಆ ಬೀದಿಗೆ ಕರೆದೊಯ್ಯುತ್ತಾರೆ, ಆ ಕಾಲದ ವಾಸನೆ ಸಮೇತ. ಅದೇ ಊರಿನಲ್ಲಿ 1972ರಲ್ಲಿ ವೈಕಿಂಗನೊಬ್ಬನ ಗಟ್ಟಿಗೊಂಡ ಮಲದ ಒಂದು ತುಂಡು ಸಿಕ್ಕಿತ್ತು, ಉದ್ದ ಸುಮಾರು 20 ಸೆಂಟಿಮೀಟರ್. ಮೂಗು ಮುರಿಯಬೇಡಿ. ಅವನು ತಿಂದದ್ದು ಹೆಚ್ಚಾಗಿ ಮಾಂಸ ಮತ್ತು ರೊಟ್ಟಿ, ಅವನ ಹೊಟ್ಟೆ ತುಂಬ ಜಂತುಹುಳ ಎಂದು ಅದರಿಂದಲೇ ತಿಳಿಯಿತು. ಹೆಸರಿಲ್ಲದ ಒಬ್ಬ ಮನುಷ್ಯನ ಹೊಟ್ಟೆನೋವು ಸಾವಿರ ವರ್ಷ ದಾಟಿ ನಮಗೆ ಕೇಳಿಸಿದೆ.

ಕಾಪರ್‌ಗೇಟಿನ ಎಲ್ಲ ವಸ್ತುಗಳಲ್ಲಿ ನನಗೆ ಬೇಕಾದದ್ದು ಒಂದೇ. ಅಂಗೈಯಗಲದ ಮರದ ಹಲಗೆ, ಮೇಲಿನಿಂದ ಕೊರೆದ ಸಾಲು ತೂತುಗಳು. ಊದುವ ವಾದ್ಯ ಅದು, ಹತ್ತನೆಯ ಶತಮಾನದ್ದು. ಒಂದು ಬದಿ ಮುರಿದಿದೆ, ಐದು ತೂತುಗಳು ಉಳಿದಿವೆ. ಊದಿದರೆ ಇಂದಿಗೂ ನುಡಿಯುತ್ತದೆ! ಐದು ಸ್ವರ. ಯಾವ ಹುಡುಗನ ತುಟಿಯಿಂದ ಬೀದಿಯ ಗದ್ದಲದಲ್ಲಿ ಹೊರಟಿತ್ತೋ, ಅದೇ ಐದು ಸ್ವರ.

ಹಾಗೆಂದು ಅವರು ತಮ್ಮ ಮೂಲೆಯಲ್ಲಿ ಕೂತ ಜನವೂ ಅಲ್ಲ. 1950ರ ದಶಕದಲ್ಲಿ ಸ್ವೀಡನ್ನಿನ ಹೆಲ್ಗೋ ದ್ವೀಪವನ್ನು ಅಗೆಯುತ್ತಿದ್ದಾಗ ಮಣ್ಣಿನೊಳಗಿಂದ ಪದ್ಮಾಸನದಲ್ಲಿ ಕೂತ ಬುದ್ಧ ಹೊರಬಂದ. ಕಂಚಿನ ಮೂರ್ತಿ, ಎತ್ತರ ಎಂಟೂವರೆ ಸೆಂಟಿಮೀಟರ್ ಕೂಡ ಇಲ್ಲ. ಹಿಂದೂಕುಶದ ತಪ್ಪಲಿನ ಸ್ವಾತ್ ಕಣಿವೆಯ ಕಡೆ ಎರಕ ಹೊಯ್ದದ್ದು. ಎಷ್ಟು ಕೈ, ಎಷ್ಟು ಸಂತೆ, ಎಷ್ಟು ನದಿ ದಾಟಿ ಅಲ್ಲಿಗೆ ಬಂದನೋ! ಉತ್ತರದವರು ವೋಲ್ಗಾ ನದಿಗುಂಟ ಇಳಿದು ವ್ಯಾಪಾರ ಮಾಡುತ್ತಿದ್ದರು. 922ರಲ್ಲಿ ಬಾಗ್ದಾದಿನ ರಾಯಭಾರಿ ಇಬ್ನ್ ಫದ್ಲಾನ್ ಅಲ್ಲಿ ಅವರನ್ನು ಕಣ್ಣಾರೆ ಕಂಡು, ಹಡಗಿನ ಸಮೇತ ಹೆಣ ಸುಟ್ಟದ್ದನ್ನು ನೋಡಿ ಬರೆದಿಟ್ಟ. ಕಾಲಯಾತ್ರಿ ಎಂಬ ಬಿರುದು ಕೊಡುವುದಾದರೆ ಮೊದಲು ಅವನಿಗೆ ಕೊಡಬೇಕು. ಹದಿಹರೆಯದ ಓದುಗರ ಕಾದಂಬರಿಗೆ ಅವನೊಬ್ಬನೇ ಸಾಕು, ಆದರೆ ಈಗ ಅತ್ತ ಹೊರಳಿದರೆ ಮರಳಿ ಬರಲಾರೆ.

ಇಂಥ ಕಾದಂಬರಿಗಳ ಕೊನೆಯ ಅಧ್ಯಾಯದಲ್ಲಿ ಯಾತ್ರಿ ಮನೆಗೆ ಮರಳುತ್ತಾನೆ. ಎಲ್ಲ ಕನಸೇ ಎಂದು ಗಲಿಬಿಲಿಗೊಂಡು ಜೇಬಿಗೆ ಕೈ ಹಾಕಿದರೆ, ಆ ಕಾಲದ ಒಂದು ವಸ್ತು ಬೆರಳಿಗೆ ತಾಗುತ್ತದೆ.

ನಾರ್ವೆಯ ಬೆಟ್ಟಗಳಲ್ಲಿ ಲೆಂಡ್‌ಬ್ರೀನ್ ಎಂಬ ಹಿಮದ ಕಣಿವೆ. ಬಿಸಿಯೇರುತ್ತಿರುವ ಭೂಮಿಯಲ್ಲಿ ಅಲ್ಲಿನ ಹಿಮ ಕರಗುತ್ತಿದೆ. ಕರಗಿದಂತೆಲ್ಲ ಕೆಳಗಿನಿಂದ ಒಂದು ಮರೆತ ಹಾದಿ ಹೊರಬಿತ್ತು. ಮೂರನೆಯ ಶತಮಾನದ ಹೊತ್ತಿಗೆ ಜನ ಓಡಾಡಲು ಶುರು ಮಾಡಿದ ಹಾದಿ, ವೈಕಿಂಗರ ಕಾಲಕ್ಕೆ, 1000ದ ಸುಮಾರಿಗೆ, ಎಲ್ಲಕ್ಕಿಂತ ಹೆಚ್ಚು ಗಿಜಿಗುಟ್ಟುತ್ತಿತ್ತು. ದಾರಿಹೋಕರು ಬೀಳಿಸಿಕೊಂಡದ್ದು ಬಿದ್ದಲ್ಲೇ ಇತ್ತು. ಕೈಗವಸು, ಲಾಳ, ಊರುಗೋಲು, ಹಿಮಬಂಡಿಯ ತುಂಡು. ಅವುಗಳ ನಡುವೆ ಜುನಿಪರ್ ಮರದಲ್ಲಿ ಕೆತ್ತಿದ ಒಂದು ಸಣ್ಣ ಕಡ್ಡಿ. ಎರಡೂ ತುದಿಗೆ ಕಚ್ಚು. ಇದೇನೆಂದು ಪುರಾತತ್ವಜ್ಞರಿಗೆ ಬಗೆಹರಿಯಲಿಲ್ಲ. ಸ್ಥಳೀಯ ವಸ್ತುಸಂಗ್ರಹಾಲಯದಲ್ಲಿ ಇಟ್ಟರು.

ಅಲ್ಲಿಗೆ ಬಂದ ಆ ಸೀಮೆಯ ಒಬ್ಬ ಅಜ್ಜಿ ಅದನ್ನು ನೋಡಿದೊಡನೆ ಗುರುತು ಹಿಡಿದರು. ತಾಯಿಯ ಹಾಲೆಲ್ಲ ಕುಡಿದುಬಿಡದಂತೆ ಆಡಿನ ಮರಿಯ ಬಾಯಿಗೆ ಅಡ್ಡ ಕಟ್ಟುವ ಕಡ್ಡಿ. ನಮ್ಮಲ್ಲಿ ಕರುವಿನ ಬಾಯಿಗೆ ಕುಕ್ಕೆ ಹಾಕುವುದು ಯಾತಕ್ಕೋ ಅದೂ ಅದಕ್ಕೇ. 1930ರ ದಶಕದಲ್ಲಿ, ಅವರು ಚಿಕ್ಕವರಿದ್ದಾಗ, ಅವರ ಹೊಲಮನೆಯಲ್ಲಿ ಇಂಥದೇ ಇತ್ತು. ಅದೂ ಜುನಿಪರ್ ಮರದ್ದೇ.

ಪ್ರಯೋಗಾಲಯಕ್ಕೆ ಕಳಿಸಿ ಕಾಲ ಅಳೆಸಿದರು. ಹನ್ನೊಂದನೆಯ ಶತಮಾನ.